ನಿತ್ಯ ಕಚೇರಿಗೆ ಹೋಗಿಬರುವ ಕಾರಿಗೆ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು?

ಬೀದಿ ಮೂಲೆಯ ಗ್ಯಾರೇಜಿನವರು 5,000 ಕಿಲೋಮೀಟರಿಗೆ ಎನ್ನುತ್ತಾರೆ. ಕಂಪನಿಯ ಸರ್ವೀಸ್ ಪುಸ್ತಕ 10,000 ಎನ್ನುತ್ತದೆ. ಮೂವತ್ತು ವರ್ಷ ಕಾರು ಓಡಿಸಿದ ಮಾವನವರು ಡಿಪ್‌ಸ್ಟಿಕ್, ಅಂದರೆ ಎಂಜಿನ್ನಿನಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿ, "ಕಪ್ಪಾಗಿದೆ, ಈಗಲೇ ಬದಲಿಸಿ" ಎನ್ನುತ್ತಾರೆ. ಮೂವರಲ್ಲಿ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಅದರಲ್ಲೂ ಬೆಂಗಳೂರಿನಲ್ಲಿ ಮನೆಯಿಂದ ಕಚೇರಿಗೆ ಕಾರಿನಲ್ಲೇ ಹೋಗಿಬರುವವರು ಹೆಚ್ಚು ಕೇಳುತ್ತಾರೆ.

ಆಯಿಲ್‌ನ ವಯಸ್ಸನ್ನು ಕಿಲೋಮೀಟರಿನಿಂದ ಮಾತ್ರ ಅಳೆಯಲಾಗದು. ಎಂಜಿನ್ ಎಷ್ಟು ಗಂಟೆ ತಿರುಗಿತು, ಆ ಹೊತ್ತಿನಲ್ಲಿ ಆಯಿಲ್ ಸರಿಯಾಗಿ ಬಿಸಿಯಾಯಿತೋ ಇಲ್ಲವೋ ಎಂಬುದೇ ಮುಖ್ಯ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತ ಕಾರಿನ ಓಡೋಮೀಟರ್, ಅಂದರೆ ಒಟ್ಟು ಓಡಿದ ದೂರ ತೋರಿಸುವ ಮೀಟರು, ಅಲುಗಾಡುವುದಿಲ್ಲ, ಆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಆಯಿಲ್ ಸವೆಯುತ್ತಲೇ ಇರುತ್ತದೆ. ಆದ್ದರಿಂದ ನಿಮ್ಮ ಕಾರಿನ ಉತ್ತರ ಪಕ್ಕದ ಮನೆಯ ಕಾರಿನ ಉತ್ತರವಾಗಬೇಕಿಲ್ಲ. ಅದನ್ನು ನೀವೇ ಲೆಕ್ಕ ಹಾಕಿಕೊಳ್ಳುವ ಕ್ರಮ ಇಲ್ಲಿದೆ.

ಮೊದಲು, ಆಯಿಲ್ ಕೆಡುವುದು ಹೇಗೆ

ಎಂಜಿನ್ ಆಯಿಲ್ ಎಂದರೆ ಮೂಲ ತೈಲದ ಜೊತೆಗೆ ಹಲವು ರಾಸಾಯನಿಕಗಳ ಮಿಶ್ರಣ. ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತೇಲಿಸಿಟ್ಟುಕೊಳ್ಳುವವು, ಆಮ್ಲವನ್ನು ತಣಿಸುವವು, ಲೋಹದ ಮೇಲೆ ತೆಳುಪದರ ಕಟ್ಟಿ ಸವೆತ ತಡೆಯುವವು ಅದರಲ್ಲಿ ಬೆರೆತಿರುತ್ತವೆ. ಕಾಲ ಕಳೆದಂತೆ ಖರ್ಚಾಗುವುದು ಮುಖ್ಯವಾಗಿ ಇವೇ. ಜೊತೆಗೆ ಶಾಖಕ್ಕೆ ತೈಲ ಗಾಳಿಯೊಂದಿಗೆ ಸೇರಿ ದಪ್ಪವಾಗುತ್ತದೆ. ಇಂಧನ ಉರಿದಾಗ ಹುಟ್ಟುವ ನೀರಿನ ಆವಿಯಲ್ಲಿ ಸ್ವಲ್ಪ, ಉರಿಯದ ಪೆಟ್ರೋಲಿನಲ್ಲಿ ಸ್ವಲ್ಪ ಪಿಸ್ಟನ್ ಉಂಗುರಗಳ ಸಂದಿನಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ.

ಕಾರು ಅರ್ಧ ಗಂಟೆ ಸಲೀಸಾಗಿ ಓಡಿದರೆ ಆಯಿಲ್ ಬಿಸಿಯೇರಿ ಈ ನೀರು, ಪೆಟ್ರೋಲು ಆವಿಯಾಗಿ ಹೊರಹೋಗುತ್ತವೆ. ಮೂರು ಕಿಲೋಮೀಟರು ಓಡಿಸಿ ನಿಲ್ಲಿಸಿಬಿಟ್ಟರೆ ಅಲ್ಲಿಯೇ ಉಳಿಯುತ್ತವೆ. ಡ್ಯಾಶ್‌ಬೋರ್ಡಿನ ಉಷ್ಣಾಂಶದ ಮುಳ್ಳು ಮಧ್ಯಕ್ಕೆ ಬಂದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಆ ಮುಳ್ಳು ತೋರಿಸುವುದು ಕೂಲಂಟ್‌ನ, ಅಂದರೆ ಎಂಜಿನ್ ತಣಿಸುವ ದ್ರವದ ಬಿಸಿಯನ್ನು. ಆಯಿಲ್ ಅದಕ್ಕಿಂತ ನಿಧಾನವಾಗಿ ಕಾಯುತ್ತದೆ.

ಲೆಕ್ಕಕ್ಕೆ ಬೇಕಾದವು

ಕಾರಿನ ಜೊತೆ ಕೊಟ್ಟ ಮಾಲೀಕರ ಕೈಪಿಡಿ, ಕಳೆದ ಸರ್ವೀಸಿನ ಬಿಲ್ಲು, ಕಾರಿನ ಟ್ರಿಪ್ ಮೀಟರ್ (ಸೊನ್ನೆಗೆ ತಂದು ಬೇಕಾದಲ್ಲಿಂದ ಓಟವನ್ನು ಅಳೆಯುವ ಮೀಟರು), ಒಂದು ಹಳೆಯ ಹತ್ತಿ ಬಟ್ಟೆ. ಕೈಪಿಡಿ ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳು ಅದನ್ನು ತಮ್ಮ ಜಾಲತಾಣದಲ್ಲೇ ಇಟ್ಟಿರುತ್ತವೆ. ನಿಮ್ಮ ಮಾದರಿ, ತಯಾರಾದ ವರ್ಷ, ಎಂಜಿನ್ ಮೂರೂ ಹೊಂದುವ ಪ್ರತಿಯನ್ನೇ ತೆಗೆದುಕೊಳ್ಳಿ. ಅದೇ ಹೆಸರಿನ ಕಾರು ಬೇರೆ ದೇಶದಲ್ಲಿ ಮಾರಾಟವಾಗುತ್ತಿದ್ದರೂ ಅಲ್ಲಿನ ಕೈಪಿಡಿ ನಿಮ್ಮದಲ್ಲ.

ಹಂತ 1: ಕೈಪಿಡಿಯಲ್ಲಿ ಎರಡು ಅಂಕಿಗಳನ್ನು ಹುಡುಕಿ

ಒಂದೇ ಅಂಕಿ ಇರುತ್ತದೆ ಎಂದುಕೊಂಡವರೇ ಹೆಚ್ಚು. ಸಾಮಾನ್ಯವಾಗಿ ಎರಡಿರುತ್ತವೆ. ಮೊದಲನೆಯದು ಸಾಮಾನ್ಯ ಬಳಕೆಗೆ. ನಮ್ಮ ದೇಶದ ಹೆಚ್ಚಿನ ಸಣ್ಣ ಪೆಟ್ರೋಲ್ ಕಾರುಗಳಿಗೆ ಇದು 10,000 ಕಿಲೋಮೀಟರು ಅಥವಾ ಒಂದು ವರ್ಷ. ಕೆಲವು ಕಂಪನಿಗಳು 15,000 ಎನ್ನುತ್ತವೆ. ಎರಡನೆಯದು ಕೆಲವು ಪುಟಗಳ ನಂತರ, ಸಣ್ಣ ಅಕ್ಷರಗಳಲ್ಲಿ, "ಕಠಿಣ ಬಳಕೆ"ಯ ಹೆಸರಿನಲ್ಲಿ ಇರುತ್ತದೆ. ಅದು ಬಹುಮಟ್ಟಿಗೆ ಮೊದಲಿನ ಅಂಕಿಯ ಅರ್ಧ.

ಆ ಶೀರ್ಷಿಕೆಯ ಕೆಳಗೆ ಕಠಿಣ ಎಂದರೆ ಏನೆಂದು ಬರೆದಿರುವುದನ್ನು ದಯವಿಟ್ಟು ಪೂರ್ತಿ ಓದಿ. ಪದೇ ಪದೇ ಕಡಿಮೆ ದೂರದ ಓಡಾಟ, ನಿಂತಲ್ಲೇ ಎಂಜಿನ್ ಚಾಲೂ ಇರುವುದು, ದಟ್ಟಣೆಯಲ್ಲಿ ನಿಂತು ನಿಂತು ಸಾಗುವುದು, ದೂಳಿನ ರಸ್ತೆ, ಬೆಟ್ಟ ಹತ್ತುವುದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಬೆಳಗಿನ ಪ್ರಯಾಣವನ್ನು ನೋಡಿಕೊಂಡೇ ಬರೆದಂತಿರುತ್ತದೆ ಆ ಪಟ್ಟಿ. ಆದರೂ ಸರ್ವೀಸ್ ಸೆಂಟರಿನಲ್ಲಿ ನಮಗೆ ಹೇಳುವುದು ಮೊದಲನೆಯ ಅಂಕಿಯನ್ನು ಮಾತ್ರ.

ಇಲ್ಲಿ ಆಗುವ ತಪ್ಪು: "10,000 ಕಿಲೋಮೀಟರು ಅಥವಾ ಒಂದು ವರ್ಷ" ಎಂಬುದನ್ನು "ಯಾವುದು ಅನುಕೂಲವೋ ಅದು" ಎಂದು ಓದಿಕೊಳ್ಳುವುದು. ಯಾವುದು ಮೊದಲು ಬರುತ್ತದೋ ಅದು. ವಾರಂಟಿ ಕೇಳಲು ಹೋದಾಗ ಕಂಪನಿ ಇದನ್ನೇ ನೋಡುತ್ತದೆ.

ಇನ್ನೊಂದು ಮಾತು. 5,000ಕ್ಕೇ ಬದಲಿಸಬೇಕು ಎನ್ನುವ ಹಿರಿಯ ಮೆಕ್ಯಾನಿಕ್ಕುಗಳನ್ನು ತಿಳಿಯದವರು ಎಂದು ತಳ್ಳಿಹಾಕಬೇಡಿ. ಅವರು ಕೆಲಸ ಕಲಿತದ್ದು ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಹಳೆಯ ಸಾಧನವಾದ ಕಾರ್ಬ್ಯುರೇಟರಿನ ಆ ಎಂಜಿನ್ನುಗಳಲ್ಲಿ ಪೆಟ್ರೋಲು ಹೆಚ್ಚಾಗಿ ಆಯಿಲ್‌ಗೆ ಇಳಿಯುತ್ತಿತ್ತು, ಆಯಿಲೂ ಸಾದಾ ಖನಿಜ ತೈಲವಾಗಿತ್ತು. ಅಂದಿಗೆ ಆ ಅಂಕಿ ಸರಿಯಾಗಿಯೇ ಇತ್ತು.

ಹಂತ 2: ನಿಮ್ಮ ಸರಾಸರಿ ವೇಗವನ್ನು ಅಳೆಯಿರಿ

ಇಡೀ ಲೆಕ್ಕ ನಿಂತಿರುವುದು ಈ ಅಂಕಿಯ ಮೇಲೆ. ಕಾರಿನ ಪರದೆಯಲ್ಲಿ ಸರಾಸರಿ ವೇಗ ತೋರಿಸುವ ಸೌಲಭ್ಯವಿದ್ದರೆ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಎರಡು ವಾರ ಎಂದಿನಂತೆ ಓಡಾಡಿ. ಇಲ್ಲದಿದ್ದರೆ ಒಂದು ವಾರ, ಕಾರು ಚಾಲೂ ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಓಡಿದ ದೂರವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಒಟ್ಟು ಕಿಲೋಮೀಟರನ್ನು ಒಟ್ಟು ಗಂಟೆಗಳಿಂದ ಭಾಗಿಸಿದರೆ ಆಯಿತು.

ಎಚ್ಚರ ಬೇಕಾದ ಎರಡು ಕಡೆಗಳಿವೆ. ಕೆಲವು ಕಾರುಗಳು ಟ್ಯಾಂಕ್ ತುಂಬಿಸಿದ ಕೂಡಲೇ ಟ್ರಿಪ್ ಅಂಕಿಗಳನ್ನು ತಾವಾಗಿಯೇ ಅಳಿಸಿಬಿಡುತ್ತವೆ, ಸೆಟ್ಟಿಂಗ್ ನೋಡಿಕೊಳ್ಳಿ. ಮತ್ತೆ, ಅಳೆಯುವ ವಾರದಲ್ಲಿ ಊರಿಗೆ ಹೋಗಿಬಂದಿದ್ದರೆ ಹೆದ್ದಾರಿಯ ಆ ಓಟ ಸರಾಸರಿಯನ್ನು ಮೇಲಕ್ಕೆತ್ತುತ್ತದೆ. ತಿಂಗಳಿಗೆ ಎರಡು ಬಾರಿ ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗುವವರು ಅದನ್ನೂ ಸೇರಿಸಿ ಇಡೀ ತಿಂಗಳು ಅಳೆಯುವುದೇ ಒಳ್ಳೆಯದು. ವರ್ಷಕ್ಕೊಮ್ಮೆ ಹೋಗುವವರು ಅದನ್ನು ಬಿಟ್ಟುಬಿಡಿ.

ಹಂತ 3: 300ರಿಂದ ಗುಣಿಸಿ

ಸರಾಸರಿ ವೇಗವನ್ನು 300ರಿಂದ ಗುಣಿಸಿದರೆ ನಿಮ್ಮ ಕಾರಿನ ಅಂದಾಜು ಕಿಲೋಮೀಟರು ಸಿಗುತ್ತದೆ.

300 ಎಲ್ಲಿಂದ ಬಂತು? ಪೇಟೆ, ಹೆದ್ದಾರಿ ಬೆರೆತ ಓಡಾಟದಲ್ಲಿ, ಗಂಟೆಗೆ 33 ಕಿಲೋಮೀಟರಿನಷ್ಟು ಸರಾಸರಿ ವೇಗದಲ್ಲಿ, ಕಾರು 10,000 ಕಿಲೋಮೀಟರು ಮುಗಿಸುವಷ್ಟರಲ್ಲಿ ಎಂಜಿನ್ ಸುಮಾರು 300 ಗಂಟೆ ತಿರುಗಿರುತ್ತದೆ. ಇದು ಯಾವ ಕಂಪನಿಯೂ ಬರೆದುಕೊಟ್ಟ ನಿಯಮವಲ್ಲ, ನಾನು ಬಳಸುವ ಅಳತೆಗೋಲು. ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವೇನೂ ಹೊಸದಲ್ಲ. ಟ್ರ್ಯಾಕ್ಟರಿಗೆ, ಜೆಸಿಬಿಗೆ, ಜನರೇಟರಿಗೆ ಎಲ್ಲರೂ ಗಂಟೆಯಲ್ಲೇ ಆಯಿಲ್ ಬದಲಿಸುತ್ತಾರೆ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟುಕೊಳ್ಳುವ ವಾಹನಗಳಿಗೆ ಅಮೆರಿಕದ ಫೋರ್ಡ್ ಕಂಪನಿ, ಹಾಗೆ ನಿಂತ ಒಂದು ಗಂಟೆಯನ್ನು 33 ಮೈಲಿಯ, ಅಂದರೆ ಸುಮಾರು 53 ಕಿಲೋಮೀಟರಿನ ಓಟಕ್ಕೆ ಸಮ ಎಂದು ಎಣಿಸುತ್ತದೆ.

ಈ ಗುಣಾಕಾರಕ್ಕೆ ಎರಡು ಬೇಲಿಗಳಿವೆ. ಬಂದ ಅಂಕಿ ಕೈಪಿಡಿಯ ಸಾಮಾನ್ಯ ಅಂಕಿಯನ್ನು ಮೀರಿದರೆ ಸಾಮಾನ್ಯ ಅಂಕಿಯನ್ನೇ ಇಟ್ಟುಕೊಳ್ಳಿ. ಕಠಿಣ ಬಳಕೆಯ ಅಂಕಿಗಿಂತ ಕೆಳಗಿಳಿದರೆ ಕಠಿಣ ಅಂಕಿಯಲ್ಲಿ ನಿಲ್ಲಿಸಿ. ಅಂದರೆ ಕಂಪನಿಯೇ ಕೊಟ್ಟ ಎರಡು ಅಂಕಿಗಳ ನಡುವೆ ನಿಮ್ಮ ಜಾಗ ಎಲ್ಲಿ ಎಂದು ಹುಡುಕುತ್ತಿದ್ದೀರಿ, ಅಷ್ಟೇ.

ಮೂರು ಉದಾಹರಣೆ ನೋಡೋಣ. ಮೂರರಲ್ಲೂ ಕೈಪಿಡಿಯ ಅಂಕಿ 10,000, ಕಠಿಣ ಬಳಕೆಗೆ 5,000 ಎಂದಿಟ್ಟುಕೊಳ್ಳಿ.

ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗುವವರು. ಸುಮಾರು 25 ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿದರೆ ಸರಾಸರಿ ವೇಗ ಸುಮಾರು 17. 300ರಿಂದ ಗುಣಿಸಿದರೆ 5,100. ಇವರು 5,000ಕ್ಕೆ ಬದಲಿಸಬೇಕು. 10,000ದವರೆಗೆ ಕಾದರೆ ಆ ಆಯಿಲ್ 580 ಗಂಟೆಗೂ ಹೆಚ್ಚು ದುಡಿದಿರುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ನಿತ್ಯ ಓಡಾಡುವವರು. 70 ಕಿಲೋಮೀಟರಿಗೆ ಒಂದೂ ಮುಕ್ಕಾಲು ಗಂಟೆ, ಸರಾಸರಿ 40. ಗುಣಿಸಿದರೆ 12,000. ಇವರು ನಿಶ್ಚಿಂತೆಯಿಂದ 10,000ಕ್ಕೆ ಬದಲಿಸಬಹುದು. ಅಷ್ಟರಲ್ಲಿ ಎಂಜಿನ್ ತಿರುಗಿರುವುದು 250 ಗಂಟೆ. ಹೆಚ್ಚು ಓಡುವ ಕಾರಿಗೆ ಬೇಗ ಬದಲಿಸಬೇಕು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಎಂಜಿನ್ನಿನ ಆಯಿಲ್ ಚೆನ್ನಾಗಿ ಕಾದು ಶುಚಿಯಾಗಿಯೂ ಉಳಿಯುತ್ತದೆ.

ಮೈಸೂರಿನೊಳಗೇ ಆರು ಕಿಲೋಮೀಟರು ಹೋಗುವವರು. ಹದಿನೈದು ನಿಮಿಷದ ದಾರಿ, ಸರಾಸರಿ 24, ಗುಣಿಸಿದರೆ 7,200. ಆದರೆ ಇವರ ಕಾರು ವರ್ಷಕ್ಕೆ ಓಡುವುದೇ ಮೂರು ಸಾವಿರದ ಆಸುಪಾಸು. ಇವರಿಗೆ ಕಿಲೋಮೀಟರಿನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಹಂತ 5ನ್ನು ನೋಡಬೇಕು.

ಹಂತ 4: ನಿಮ್ಮ ಕಾರಿಗೆ ತಕ್ಕಂತೆ ತಿದ್ದಿಕೊಳ್ಳಿ

ಮುಂದೆ ಹೇಳುವವುಗಳಲ್ಲಿ ಒಂದು ನಿಮ್ಮ ಕಾರಿಗೆ ಅನ್ವಯಿಸಿದರೆ ಬಂದ ಅಂಕಿಯಿಂದ ಒಂದು ಸಾವಿರ ಇಳಿಸಿ. ಎರಡು ಅನ್ವಯಿಸಿದರೆ ನೇರವಾಗಿ ಕಠಿಣ ಬಳಕೆಯ ಅಂಕಿಗೇ ಹೋಗಿ.

ಟರ್ಬೊ ಪೆಟ್ರೋಲ್ ಎಂಜಿನ್. ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಅದರ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಅದನ್ನು ಕಾಯುವುದು ಆಯಿಲ್‌ನ ಒಂದು ತೆಳುಪದರ ಮಾತ್ರ. ಇಂಥ ಎಂಜಿನ್ನುಗಳಲ್ಲಿ ಹಲವು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತವೆ. ಹಾಗಾಗಿ ಪೆಟ್ರೋಲು ಆಯಿಲ್‌ಗೆ ಇಳಿಯುವುದೂ ಹೆಚ್ಚು. ನನ್ನನ್ನು ಕೇಳಿದರೆ, ಪೇಟೆಯಲ್ಲಿ ಓಡುವ ಟರ್ಬೊ ಕಾರಿಗೆ ಉಳಿತಾಯದ ಲೆಕ್ಕ ಹಾಕಲೇಬಾರದು.

ಬಿಎಸ್6 ಡೀಸೆಲ್. 2020ರ ಏಪ್ರಿಲ್‌ನಿಂದ ಬಂದ ಈ ಹೊಗೆ ಮಾಲಿನ್ಯ ಮಾನದಂಡದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಶೋಧಕವಿದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಕಳುಹಿಸಿ ಮಸಿಯನ್ನು ಸುಡುತ್ತದೆ. ಹಾಗೆ ಸುಡುತ್ತಿರುವಾಗಲೇ ನೀವು ಮನೆ ತಲುಪಿ ಎಂಜಿನ್ ನಿಲ್ಲಿಸಿಬಿಟ್ಟರೆ, ಅದೂ ಮತ್ತೆ ಮತ್ತೆ ಹೀಗೇ ಆದರೆ, ಡೀಸೆಲ್ ಆಯಿಲ್‌ಗೆ ಸೇರಿಕೊಳ್ಳುತ್ತದೆ. ದಿನಕ್ಕೆ ಐದಾರು ಕಿಲೋಮೀಟರಿನ ಓಡಾಟಕ್ಕೆ ಡೀಸೆಲ್ ಕಾರು ಕೊಳ್ಳಬೇಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಸಿಎನ್‌ಜಿ. ಇದರ ಆಯಿಲ್ ಬಹಳ ದಿನ ಹೊಂಬಣ್ಣದಲ್ಲೇ ಇರುತ್ತದೆ, ಏಕೆಂದರೆ ಸಿಎನ್‌ಜಿ ಉರಿದಾಗ ಮಸಿ ಕಡಿಮೆ. ಬಣ್ಣ ನೋಡಿ ಮೋಸ ಹೋಗಬೇಡಿ. ಶಾಖಕ್ಕೆ ಆಯಿಲ್ ಒಳಗೊಳಗೇ ಹಳತಾಗಿರುತ್ತದೆ.

ದೂಳು. ಬಳ್ಳಾರಿ, ಹೊಸಪೇಟೆ ಕಡೆಯ ಗಣಿ ರಸ್ತೆಗಳಲ್ಲಿ, ಕಾಮಗಾರಿ ಮುಗಿಯದ ಬಡಾವಣೆಗಳಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಮೊದಲು ನೋಡಿ. ಅದು ಸರಿಯಿಲ್ಲದಿದ್ದರೆ ಎಷ್ಟು ಸಲ ಆಯಿಲ್ ಬದಲಿಸಿದರೂ ಎಂಜಿನ್ ಸವೆಯುತ್ತದೆ.

ಶಿರಾಡಿ, ಚಾರ್ಮಾಡಿಗಳಂಥ ಘಟ್ಟವನ್ನು ವಾರವಾರ ತುಂಬಿದ ಕಾರಿನಲ್ಲಿ ಹತ್ತುವುದೂ ಈ ಪಟ್ಟಿಗೆ ಸೇರುತ್ತದೆ.

ಹಂತ 5: ಕ್ಯಾಲೆಂಡರ್ ನೋಡಿ

ಕಿಲೋಮೀಟರು ಎಷ್ಟೇ ಕಡಿಮೆಯಿರಲಿ, ಒಂದು ವರ್ಷ ದಾಟಿಸಬೇಡಿ. ವಾರಕ್ಕೊಂದು ದಿನವಾದರೂ ಅರ್ಧ ಗಂಟೆ ಸಲೀಸಾಗಿ ಓಡುವ ಕಾರಿಗೆ ವರ್ಷ ಸಾಕು. ಪ್ರತಿ ಸಲವೂ ನಾಲ್ಕೈದು ಕಿಲೋಮೀಟರಿಗೇ ನಿಲ್ಲುವ ಕಾರಿಗೆ ಕೈಪಿಡಿಯ ಕಠಿಣ ಬಳಕೆಯ ಅವಧಿ, ಸಾಮಾನ್ಯವಾಗಿ ಆರು ತಿಂಗಳು, ಅನ್ವಯಿಸುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದ ತೇವದಲ್ಲಿ ಇದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ, ಕಾಯದ ಎಂಜಿನ್ನಿನಲ್ಲಿ ನೀರಿನ ಜೊತೆ ಅದೂ ಆಯಿಲ್‌ನಲ್ಲಿ ಉಳಿಯುತ್ತದೆ.

ಆರು ತಿಂಗಳಿಗೆ ಖರ್ಚು ಮಾಡಲು ಮನಸ್ಸಿಲ್ಲವೇ? ಇನ್ನೊಂದು ದಾರಿಯಿದೆ. ವಾರಕ್ಕೊಮ್ಮೆ ಹೆದ್ದಾರಿಗೆ ಹೋಗಿ ಮೂವತ್ತು ನಲವತ್ತು ನಿಮಿಷ ಓಡಿಸಿ ಬನ್ನಿ. ಮನೆಯ ಮುಂದೆ ನಿಲ್ಲಿಸಿಯೇ ಹತ್ತು ನಿಮಿಷ ಚಾಲೂ ಇಡುವುದರಿಂದ ಇದರ ಪ್ರಯೋಜನ ಸಿಗದು. ಅದು ಆಯಿಲ್‌ಗೆ ಇನ್ನಷ್ಟು ನೀರು, ಪೆಟ್ರೋಲು ಸೇರಿಸುತ್ತದೆ.

ಹಂತ 6: ಸರಿಯಾದ ಆಯಿಲನ್ನೇ ಹಾಕಿಸಿ

ಅವಧಿಯ ಲೆಕ್ಕವೆಲ್ಲ ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಹಾಕಿದಾಗ ಮಾತ್ರ ನಿಲ್ಲುತ್ತದೆ. ಡಬ್ಬದ ಮೇಲೆ 0ಡಬ್ಲ್ಯೂ-20, 5ಡಬ್ಲ್ಯೂ-30 ಎಂದಿರುವುದು ಸ್ನಿಗ್ಧತೆಯ ಗುರುತು, ಅಂದರೆ ಆಯಿಲ್ ಎಷ್ಟು ಮಂದ, ಎಷ್ಟು ತೆಳು ಎಂಬುದು. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಸೀಸೆಯಿಂದ ಇಳಿಯಲು ಹಟ ಮಾಡುವಂತೆ ಎಂಜಿನ್ ಆಯಿಲೂ ತಣ್ಣಗಿದ್ದಾಗ ನಿಧಾನವಾಗಿ ಹರಿಯುತ್ತದೆ. ಡಬ್ಲ್ಯೂಗೆ ಮುಂಚಿನ ಅಂಕಿ ಸಣ್ಣದಿದ್ದಷ್ಟೂ ತಣ್ಣನೆಯ ಎಂಜಿನ್ನಿನಲ್ಲಿ ಬೇಗ ಹರಿಯುತ್ತದೆ. ನಂತರದ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ಮಂದವಾಗಿರುತ್ತದೆ ಎಂಬುದರ ಸೂಚಕ.

"ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಒಳ್ಳೆಯದು" ಎಂಬ ಸಲಹೆ ಸಿಗುತ್ತದೆ. 0ಡಬ್ಲ್ಯೂ-20ಕ್ಕೆಂದು ರೂಪಿಸಿದ ಎಂಜಿನ್ನಿಗೆ 20ಡಬ್ಲ್ಯೂ-50 ಹಾಕಿಸಬೇಡಿ. ಅದರ ಸಂದುಗಳು ತೆಳು ಆಯಿಲ್‌ಗೆಂದೇ ಇವೆ. ಮೈಲೇಜ್ ಇಳಿಯುತ್ತದೆ, ತಣ್ಣಗಿದ್ದಾಗ ಆಯಿಲ್ ಮೇಲಿನ ಭಾಗಗಳನ್ನು ತಡವಾಗಿ ತಲುಪುತ್ತದೆ.

ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬ ಅಕ್ಷರಗಳ ಮುಂದೆ ಎಸ್‌ಎನ್, ಎಸ್‌ಪಿ ಎಂದಿರುವುದು ಪೆಟ್ರೋಲ್ ಎಂಜಿನ್ ಆಯಿಲ್‌ನ ಗುಣಮಟ್ಟ. ಎಸ್‌ಪಿ 2020ರಲ್ಲಿ ಬಂದದ್ದು. ಸಣ್ಣ ಟರ್ಬೊ ಎಂಜಿನ್ನುಗಳನ್ನೂ ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಚೈನಿನ ಸವೆತವನ್ನೂ ಗಮನದಲ್ಲಿಟ್ಟು ರೂಪಿಸಿದ್ದು. ಎಸ್‌ಎನ್ ಕೇಳುವ ಕಾರಿಗೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳುವ ಕಾರಿಗೆ ಎಸ್‌ಎನ್ ಹಾಕಬಾರದು. ಡಿಪಿಎಫ್ ಇರುವ ಡೀಸೆಲ್ಲಿಗೆ ಬೂದಿ ಕಡಿಮೆ ಬಿಡುವ ವಿಶೇಷ ದರ್ಜೆ ಬೇಕು, ಕೈಪಿಡಿಯಲ್ಲಿರುವ ಗುರುತನ್ನು ಅಕ್ಷರಶಃ ಹೊಂದಿಸಿ.

ಸಿಂಥೆಟಿಕ್ (ಕೃತಕವಾಗಿ ಸಿದ್ಧಪಡಿಸಿದ ಆಯಿಲ್) ಹಾಕಿಸಿದ್ದೇನೆ, ಇನ್ನು 20,000ದವರೆಗೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಸಿಂಥೆಟಿಕ್ ಶಾಖವನ್ನು ಹೆಚ್ಚು ತಾಳುತ್ತದೆ, ನಿಜ. ಆದರೆ ಪೆಟ್ರೋಲು, ನೀರು, ಮಸಿ ಅದಕ್ಕೂ ಬೇರೆ ಆಯಿಲ್‌ಗೆ ಸೇರುವಷ್ಟೇ ಸೇರುತ್ತವೆ. ಅವಧಿ ಹೆಚ್ಚಿಸುವ ಅಧಿಕಾರ ಕೈಪಿಡಿಗೆ ಮಾತ್ರ.

ಹಂತ 7: ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ

ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹಲವು ಕಾರುಗಳಲ್ಲಿ ಈ ಎರಡರ ನಡುವಿನ ಅಂತರ ಸುಮಾರು ಒಂದು ಲೀಟರ್. ಸಣ್ಣ ಎಂಜಿನ್ನಿನಲ್ಲಿ ಇರುವುದೇ ಮೂರು ಮೂರೂವರೆ ಲೀಟರ್ ಎಂಬುದು ನೆನಪಿರಲಿ.

ಮಟ್ಟ ಇಳಿದಿದ್ದರೆ ಅದೇ ದರ್ಜೆಯ ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಮೇಲಿನ ಗುರುತು ದಾಟಿಸಬೇಡಿ. ಎಂಜಿನ್ನಿನ ಕೆಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೀವು ಸೇರಿಸದೆಯೂ ಮಟ್ಟ ಏರಿದ್ದರೆ, ಮೂಸಿದಾಗ ಪೆಟ್ರೋಲಿನ ಅಥವಾ ಡೀಸೆಲಿನ ವಾಸನೆ ಬಂದರೆ, ಕಿಲೋಮೀಟರು ಎಷ್ಟೇ ಆಗಿರಲಿ ಬದಲಿಸಿ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯ ಬಣ್ಣದ ಅಂಟು ಕಂಡರೆ ಅದು ಬಹಳ ಸಲ ಕಡಿಮೆ ದೂರದ ಓಡಾಟದ ತೇವ. ಆದರೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಎಂಜಿನ್ ಒಳಗೇ ಸೋರಿಕೆ ಇರಬಹುದು, ತಡಮಾಡದೆ ತೋರಿಸಿ.

ಬಣ್ಣದ ವಿಷಯ. ಆಯಿಲ್ ಕಪ್ಪಾಗುವುದೆಂದರೆ ಮಸಿಯನ್ನು ಹಿಡಿದಿಟ್ಟುಕೊಳ್ಳುವ ತನ್ನ ಕೆಲಸವನ್ನು ಅದು ಮಾಡುತ್ತಿದೆ ಎಂದೇ ಅರ್ಥ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಾವನವರಿಗೆ ಗೌರವದಿಂದಲೇ ಇದನ್ನು ತಿಳಿಸಿ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬಣ್ಣದ ಎಣ್ಣೆ ಗಿಂಡಿಯ ದೀಪ ಹೊತ್ತಿಕೊಂಡರೆ ಅದು ಆಯಿಲ್ ಹಳತಾಗಿದೆ ಎಂಬ ನೆನಪೋಲೆಯಲ್ಲ. ಆಯಿಲ್‌ನ ಒತ್ತಡವೇ ಬಿದ್ದುಹೋಗಿದೆ ಎಂಬ ಎಚ್ಚರಿಕೆ. ಪಕ್ಕಕ್ಕೆ ತೆಗೆದುಕೊಂಡು ಕೂಡಲೇ ಎಂಜಿನ್ ನಿಲ್ಲಿಸಿ. ಹತ್ತಿರದ ಗ್ಯಾರೇಜಿನವರೆಗೂ ಓಡಿಸಬೇಡಿ.

ಹಂತ 8: ಬದಲಿಸುವ ದಿನ

ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಆಯಿಲ್ ಇಳಿಸಿದರೆ ಕೊಳೆಯೂ ಜೊತೆಗೆ ಹರಿದುಹೋಗುತ್ತದೆ. ಆಯಿಲ್ ಫಿಲ್ಟರನ್ನು ಪ್ರತಿ ಸಲವೂ ಬದಲಿಸಿ; ಹಳೆಯದನ್ನು ಉಳಿಸಿದರೆ ಅದರೊಳಗಿನ ಕೊಳಕು ಆಯಿಲ್ ಹೊಸದಕ್ಕೆ ಬೆರೆಯುತ್ತದೆ. ಕೆಳಗಿನ ಬೋಲ್ಟಿನ ವಾಷರ್ ಹೊಸದಿರಲಿ. ಡಬ್ಬವನ್ನು ನಿಮ್ಮೆದುರೇ ಒಡೆಯಲು ಹೇಳಿ, ಖಾಲಿ ಡಬ್ಬದ ಸೀಲನ್ನು ಹರಿದೋ ಡಬ್ಬಕ್ಕೆ ತೂತು ಹೊಡೆದೋ ಬಿಡಿ. ನಕಲಿ ಆಯಿಲ್ ತುಂಬುವವರ ಕೈಗೆ ಅಸಲಿ ಡಬ್ಬ ಸಿಗಬಾರದು.

ಎಂಜಿನ್ ಒಳಗನ್ನು ತೊಳೆಯುವ ಎಂಜಿನ್ ಫ್ಲಶ್, ಆಯಿಲ್‌ಗೆ ಬೆರೆಸುವ ಬೇರೆ ಬೇರೆ ದ್ರವಗಳು ಎಂದು ಬಿಲ್ಲಿಗೆ ಸೇರಿಸಲು ಬಂದರೆ, ಅದು ಕೈಪಿಡಿಯ ಯಾವ ಪುಟದಲ್ಲಿದೆ ಎಂದು ಕೇಳಿ. ಇಲ್ಲದಿದ್ದರೆ ಬೇಡ ಎನ್ನಿ. ಆ ಹಣದಲ್ಲಿ ಮುಂದಿನ ಆಯಿಲ್ ಒಂದೆರಡು ಸಾವಿರ ಕಿಲೋಮೀಟರು ಮೊದಲೇ ಬದಲಿಸಿದರೆ ಎಂಜಿನ್ನಿಗೆ ನಿಜವಾದ ಲಾಭ.

ಮನೆಯಲ್ಲೇ ಬದಲಿಸುವವರು ಬರೀ ಜ್ಯಾಕಿನ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಯಾವತ್ತೂ ನುಸುಳಬೇಡಿ. ಹಳೆಯ ಆಯಿಲನ್ನು ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಕ್ಕೆ ತುಂಬಿ, ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಬಿಲ್ಲಿನಲ್ಲಿ ಆಯಿಲ್‌ನ ದರ್ಜೆ, ಪ್ರಮಾಣ, ಓಡೋಮೀಟರ್ ಅಂಕಿ ಮೂರೂ ಇರಲಿ; ವಾರಂಟಿಗೂ ಮುಂದೆ ಕಾರು ಮಾರುವಾಗಲೂ ಬೇಕಾಗುತ್ತದೆ. ಗ್ಯಾರೇಜಿನವರು ಅಂಟಿಸುವ ಚೀಟಿಯಲ್ಲಿ ಅವರ ಅಂಕಿಯ ಬದಲು ನಿಮ್ಮ ಲೆಕ್ಕದ ಕಿಲೋಮೀಟರನ್ನೂ ದಿನಾಂಕವನ್ನೂ ಬರೆಸಿ. ಕಾರಿನ ಸರ್ವೀಸ್ ಸೂಚನೆ ಬರಲಿ ಎಂದು ಕಾಯಬೇಡಿ. ಸಾಮಾನ್ಯ ಕಾರುಗಳಲ್ಲಿ ಅದು ಬಹುಮಟ್ಟಿಗೆ ಕಿಲೋಮೀಟರು, ದಿನಗಳನ್ನು ಎಣಿಸುತ್ತದೆಯೇ ಹೊರತು ಆಯಿಲನ್ನು ನೋಡುವುದಿಲ್ಲ.

ಮನೆ, ಕಚೇರಿ, ಕೆಲಸದ ವೇಳೆ ಬದಲಾದಾಗ ಹಂತ 2ರಿಂದ ಮತ್ತೆ ಲೆಕ್ಕ ಹಾಕಿ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೊ ಮಾರ್ಗ ತೆರೆದ ಮೇಲೆ ಕಾರನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿರುವವರಿಗೆ ಹಳೆಯ 5,000ದ ಅಂಕಿ ಈಗ ಹೊಂದುವುದಿಲ್ಲ. ಅವರ ಕಾರು ಸಂತೆಗೂ ಸಂಬಂಧಿಕರ ಮನೆಗೂ ಮಾತ್ರ ಹೋಗಿಬರುವ ಕಾರಾಗಿದೆ. ಅವರು ಇನ್ನು ಮುಂದೆ ನೋಡಬೇಕಾದದ್ದು ಹಂತ 5ರ ಕ್ಯಾಲೆಂಡರನ್ನು.